ಒಣಗಾಳಿಯ ಊರು

ದೋಣಿಗೆ ದಾರಿ ಬಿಡಲು ನದಿಯ ಸೇತುವೆಯ ಎರಡು ರೆಕ್ಕೆಗಳೂ ಮೇಲೆದ್ದು ನಿಂತಾಗ ಪೋರ್ಟ್ ಹ್ಯಾಲಮ್ ಎರಡು ಹೋಳಾಯಿತು. ಈಚೆ ದಡದಲ್ಲಿ ಶಾಲೆಯ ಹಳದಿ ಬಸ್ಸು, ಅದರ ಹಿಂದೆ ಸಹನೆಗೆಟ್ಟು ಹಾರನ್ ಒತ್ತುತ್ತಿದ್ದ ಕೆಂಪು ಕಾರು. ಆಚೆ ದಡದಲ್ಲಿ ಬ್ರೆಡ್ಡಿನ ವ್ಯಾನು. ಆರ್ಡಿಸ್ ವೆಲ್ಡ್‌ಮನ್ ಸೇತುವೆ ಎತ್ತಿಳಿಸುವ ತನ್ನ ಗಾಜಿನ ಕೋಣೆಯಲ್ಲಿ ನಿಂತು ಕೆಳಗೆ ಹಾದುಹೋಗುತ್ತಿದ್ದ ಹಾಯಿದೋಣಿಯನ್ನು ನೋಡುತ್ತಿದ್ದಳು. ಆ ವರ್ಷದ ಮೊದಲ ದೋಣಿ. ಸರೋವರದ ಹಿಮಗಡ್ಡೆ ಒಡೆದು ಇನ್ನೂ ವಾರವಾಗಿರಲಿಲ್ಲ. ಚುಕ್ಕಾಣಿ ಹಿಡಿದಿದ್ದವನು ತಲೆಯೆತ್ತಿ ಕೈ ಬೀಸಿದ. ದೋಣಿಯವರೆಲ್ಲ ಹಾಗೆಯೇ, ಕೈ ಬೀಸಿ ಹೊರಟುಬಿಡುತ್ತಾರೆ. ತಲೆಗೂದಲು ಕಂದುಬಣ್ಣವಿದ್ದಾಗ ಅವಳು ಈ ಕೆಲಸಕ್ಕೆ ಸೇರಿದ್ದಳು; ಅದು ಪೂರ್ತಿ ಬೆಳ್ಳಗಾಗುವವರೆಗೂ ಪರರನ್ನು ಹೋಗಗೊಡುವುದೇ ಅವಳ ಉದ್ಯೋಗವಾಗಿತ್ತು.

ಈ ಸಲ ಅವಳೂ ಮನಸ್ಸಿಟ್ಟು ಕೈ ಬೀಸಿದಳು. ಜೂನ್ ಕೊನೆಗೆ ಅವಳ ನಿವೃತ್ತಿ. ರಾಜೀನಾಮೆ ಕೊಟ್ಟಾಗಿತ್ತು.

ರೆಕ್ಕೆಗಳನ್ನು ಇಳಿಸಿ ಗೇಟು ಎತ್ತುವಷ್ಟರಲ್ಲಿ ಕಬ್ಬಿಣದ ಮೆಟ್ಟಿಲ ಮೇಲೆ ಧಡಧಡ ಬೂಟಿನ ಸದ್ದಾಯಿತು. ರೆನ್ನಿ ಪಾವ್ಲಾಕ್. ನಗರಸಭೆಯ ಕಸದ ಲಾರಿ ಓಡಿಸುವವನು, ನೌಕರರ ಸಂಘದ ಮುಖಂಡನೂ ಅವನೇ.

"ಏನಮ್ಮ ಸೇತುವೆ ಮಹಾರಾಣಿ, ನಾಳೆ ಸಂಜೆ ಸಭೆಗೆ ದಯಮಾಡಿಸ್ತೀಯೋ, ಇಲ್ಲಾ ಸಿಂಹಾಸನ ಬಿಟ್ಟು ಇಳಿಯಲ್ವೋ?"

"ನಿನ್ನ ಭಾಷಣ ಕೇಳೋಕೆ ಅಷ್ಟು ದೂರ ಯಾಕೋ ಬರ್ಬೇಕು? ದಿನಾ ಬೆಳಗ್ಗೆ ಡಬ್ಬ ಬಡಿಯೋವಾಗ ಕೇಳ್ತಾನೇ ಇರ್ತೀನಲ್ಲ. ಅಲ್ದೆ ನಾಳೆ ನಂದು ಸಂಜೆ ಪಾಳಿ."

ರೆನ್ನಿ ನಗಲಿಲ್ಲ. ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡು ಕೂತ. "ಪಾಳಿಗೆ ಬೇರೆಯವರನ್ನ ಹಾಕಿಸ್ತೀನಿ. ನೀನು ಬರ್ಲೇಬೇಕು ಕಣೆ ಆರ್ಡಿಸ್. ಈ ಸಲ ಕೂಗಾಡಿ ಪ್ರಯೋಜನ ಇಲ್ಲ. ಪಿಂಚಣಿ ನಿಧೀಲಿ ನೂರು ಇರ್ಬೇಕಾದ ಕಡೆ ಮೂವತ್ತೂ ಇಲ್ವಂತೆ."

ಇದೇನೂ ರಾತ್ರೋರಾತ್ರಿ ಆದದ್ದಲ್ಲ. ಕಾಗದದ ಕಾರ್ಖಾನೆ ಮುಚ್ಚಿದ ಮೇಲೆ ಊರಿನ ತೆರಿಗೆ ಇಳಿಯಿತು; ಕೆಲಸಗಾರರು ಅರ್ಧಕ್ಕರ್ಧವಾದರು; ನಿವೃತ್ತರು ಮಾತ್ರ ಹೆಚ್ಚುತ್ತ ಹೋದರು. ಬಂದ ಮೇಯರುಗಳೆಲ್ಲ ನಗರಸಭೆ ತನ್ನ ಪಾಲಿನದನ್ನು ನಿಧಿಗೆ ಹಾಕುವ ಹೊತ್ತಿಗೆ ಸರಿಯಾಗಿ 'ಮುಂದಿನ ವರ್ಷ ನೋಡೋಣ' ಎಂದರು. ನಿಧಿಯೆಂಬ ಕೆರೆಗೆ ನೀರು ತರುವ ಕಾಲುವೆ ಬತ್ತಿಹೋಗಿತ್ತು, ತೂಬು ಮಾತ್ರ ತೆರೆದೇ ಇತ್ತು. ಎರಡು ವರ್ಷದ ಹಿಂದೆ ನಿವೃತ್ತರ ಆರೋಗ್ಯ ವಿಮೆ ನಿಲ್ಲಿಸಿದರು. ಈಗ ಊರು ದಿವಾಳಿಯೆಂದು ನ್ಯಾಯಾಲಯಕ್ಕೆ ಹೋಗಿತ್ತು. ಎಲ್ಲರ ಪಿಂಚಣಿಯಲ್ಲೂ ಮೂರರಲ್ಲೊಂದು ಪಾಲು ಕಡಿತಕ್ಕೆ ಒಪ್ಪಿದರೆ ಉಳಿದದ್ದು ಉಳಿದೀತು. ಒಪ್ಪದಿದ್ದರೆ ನ್ಯಾಯಾಧೀಶರು ಏನು ಮಾಡುತ್ತಾರೋ ದೇವರೇ ಬಲ್ಲ. ಅದಕ್ಕೆ ನಾಳೆ ಮತದಾನ.

"ಹಳಬರೂ ಬರ್ತಾರಾ?" ಎಂದಳು ಆರ್ಡಿಸ್.

"ನಡೆಯೋಕಾಗೋರೆಲ್ಲ ಬರ್ತಾರೆ. ನಿನ್ನ ಕ್ಲೆಮ್ ಅಷ್ಟು ದೂರದಿಂದ ಎಲ್ಲಿ ಬರ್ತಾನೆ, ಅಂಚೇಲಿ ಹಾಕಿರ್ತಾನೆ ಬಿಡು."

ಕ್ಲೆಮೆಂಟ್ ಓಡಮ್ ಊರಿನ ಅಗ್ನಿಶಾಮಕ ದಳದಲ್ಲಿದ್ದವನು, ಮದುವೆಯಾಗದಿದ್ದರೂ ಆರ್ಡಿಸ್‌ಳ ಸಂಗಾತಿ. ಹೊಗೆ ಕುಡಿದು ಕುಡಿದು ಅವನ ಶ್ವಾಸಕೋಶ ಕಮ್ಮಾರನ ಹಳೆಯ ತಿದಿಯಂತಾಗಿತ್ತು. ಈ ಸರೋವರದ ತೇವ ನಿನಗೆ ಆಗದು, ಒಣಗಾಳಿಯ ಊರಿಗೆ ಹೋಗು ಎಂದು ವೈದ್ಯರು ಹೇಳಿದಾಗ ಅವನು ನ್ಯೂ ಮೆಕ್ಸಿಕೋದ ಬೆಟ್ಟಗಳ ತಪ್ಪಲಲ್ಲಿ ಮಣ್ಣಿನ ಗೋಡೆಯ ಪುಟ್ಟ ಮನೆ ಕೊಂಡ. ಆರ್ಡಿಸ್ ಅವನ ಜೊತೆಗೆ ಹೊರಡುವಂತಿರಲಿಲ್ಲ. ಹಾಸಿಗೆ ಹಿಡಿದ ಅಮ್ಮ ಮನೆಯಲ್ಲಿದ್ದಳು. ನೌಕರಿಯ ವರ್ಷಗಳೂ ಪೂರೈಸಿರಲಿಲ್ಲ. "ನೀನು ಹೋಗಿ ಒಲೆ ಹಚ್ಚಿಟ್ಟಿರು, ನಾನು ಹಿಂದೇನೇ ಬರ್ತೀನಿ" ಎಂದು ನಗುತ್ತ ಕಳಿಸಿಕೊಟ್ಟಿದ್ದಳು. ಮೊದಲ ವರ್ಷ ಒಮ್ಮೆ ಹೋಗಿಬಂದಳು. ಅಲ್ಲಿ ಒಗೆದ ಬಟ್ಟೆ ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಒಣಗುತ್ತಿತ್ತು. ಕ್ಲೆಮ್ ಏದುಸಿರಿಲ್ಲದೆ ಗುಡ್ಡ ಹತ್ತಿ ಅವಳಿಗಾಗಿ ಮೇಲೆ ನಿಂತು ಕಾಯುತ್ತಿದ್ದ. ಆಮೇಲೆ ಅಮ್ಮನನ್ನು ಬಿಟ್ಟು ಹೋಗಲಾಗಲಿಲ್ಲ. ಭಾನುವಾರದ ಫೋನೇ ಗತಿಯಾಯಿತು. ಕ್ಲೆಮ್‌ನ ಹಳೇ ಫೋನಿನಲ್ಲಿ ಮುಖ ಕಾಣುತ್ತಿರಲಿಲ್ಲ, ಆದರೆ ಅವನು ಹೇಳುವ ರೀತಿಗೆ ಮುಖವೇ ಬೇಕಿರಲಿಲ್ಲ. ಸಂಜೆ ಬೆಟ್ಟ ಹೇಗೆ ಮೊದಲು ಕುಂಬಳಕಾಯಿಯ ಬಣ್ಣಕ್ಕೆ, ಆಮೇಲೆ ನೇರಳೆಗೆ ತಿರುಗುತ್ತದೆ, ಪಕ್ಕದವರ ಕತ್ತೆ ಯಾವಾಗ ಬೇಲಿ ಮುರಿಯಿತು, ಎಲ್ಲ. ಕೇಳುತ್ತ ಕೇಳುತ್ತ ಅವಳು ಅಮ್ಮನ ಬೆನ್ನು ಒರೆಸುತ್ತಿದ್ದಳು, ಮಗ್ಗುಲು ಬದಲಿಸುತ್ತಿದ್ದಳು.

ಹೋದ ಶರತ್ಕಾಲದಲ್ಲಿ ಅಮ್ಮ ತೀರಿಕೊಂಡಳು. ಕ್ರಿಸ್ಮಸ್‌ಗೆ ಬರ್ತೀನಿ ಎಂದರೆ ಕ್ಲೆಮ್ ರಸ್ತೆ ಕೆಟ್ಟಿದೆ ಎಂದ. ಈಸ್ಟರ್‌ಗೆ ಎಂದರೆ ಮಾಡು ಸೋರುತ್ತಿದೆ, ರಿಪೇರಿ ಮುಗಿಯಲಿ ಎಂದ. ಮೊನ್ನೆಯ ಭಾನುವಾರ ಮಾತ್ರ ದನಿ ಲವಲವಿಕೆಯಿಂದಿತ್ತು. "ಏಪ್ರಿಕಾಟ್ ಮರ ಹೂ ಬಿಟ್ಟಿದೆ ಕಣೆ. ಕಿಟಕಿ ತೆಗೆದ್ರೆ ಮನೆಯೊಳಗೇ ಉದುರುತ್ತೆ." ಹಿಂದೆ ಎಲ್ಲೋ ಬಟ್ಟೆ ಒಗೆಯುವ ಯಂತ್ರ ಗಡಗಡ ತಿರುಗುತ್ತಿತ್ತು. ಯಂತ್ರ ಯಾವಾಗ ತಗೊಂಡ ಎಂದುಕೊಂಡಳೇ ಹೊರತು ಕೇಳಲಿಲ್ಲ. ಸಭೆಯ ದಿನ ತನಗೆ ಸಂಜೆ ಪಾಳಿ ಎಂದು ಹೇಳಿ ಫೋನಿಟ್ಟಿದ್ದಳು.

ಸಭೆ ಸೇರಿದ್ದು ಪೋಲಿಷ್ ಚರ್ಚಿನ ನೆಲಮಾಳಿಗೆಯಲ್ಲಿ. ಶುಕ್ರವಾರದ ಮೀನು ಕರಿದ ವಾಸನೆ ಇನ್ನೂ ಪರದೆಗಳಲ್ಲಿತ್ತು. ಆರ್ಡಿಸ್ ಹಿಂದಿನ ಸಾಲಿನಲ್ಲಿ, ಕಾಫಿ ಪಾತ್ರೆಯ ಪಕ್ಕ ಕೂತಳು. ಮುಂದೆ ಹಳಬರು: ಗ್ರಂಥಾಲಯದವರು, ಪೊಲೀಸರು, ಮೀಟರ್ ಓದುತ್ತಿದ್ದವರು. ಗೋಡೆಗೊರಗಿ ನಿಂತವರು ಈಗ ಕೆಲಸದಲ್ಲಿರುವ ಹುಡುಗರು. ಮಾತು ಬೇಗ ಬಿಸಿಯಾಯಿತು.

"ನಿಮಗೆ ಕೊಡೋಕೆ ಅಂತ ನಮ್ಮ ಸಂಬಳದಲ್ಲಿ ಹಿಡೀತಾರೆ. ನಾವು ಮುದುಕರಾದಾಗ ನಮಗೇನು ಗಾಳಿ ಕುಡ್ಸ್ತಾರಾ?" ಎಂದ ನೀರು ಸರಬರಾಜಿನ ಒಬ್ಬ ತರುಣ.

"ನಾವೂ ಹಿಡಿಸ್ಕೊಂಡಿದೀವಪ್ಪಾ, ನಿನ್ನ ಹಾಲುಹಲ್ಲು ಬೀಳೋ ಮುಂಚಿನಿಂದ!" ಎಂದಳು ಗ್ರಂಥಾಲಯದ ಮುದುಕಿ.

ಆಗ ಬಾಗಿಲ ಬಳಿಯಿಂದ ಕೆಮ್ಮು ಕೇಳಿಸಿತು. ತಡವಾಗಿ ಬಂದ ಯಾರೋ ಮೆಟ್ಟಿಲಿಳಿದು, ಕಂಬ ಹಿಡಿದು ಉಸಿರು ಸುಧಾರಿಸಿಕೊಳ್ಳುತ್ತಿದ್ದ. ಕಪ್ಪು ಮುಖ ಬೂದಿ ಬಡಿದಂತಿತ್ತು. ಅಂಗಿ ಮೈಮೇಲೆ ತೂಗುಹಾಕಿದ ಹಾಗಿತ್ತು. ಮುಂದಿನ ಸಾಲಿನವರು ಹಿಂದಿರುಗಿ ನೋಡಿದರು.

"ಕ್ಲೆಮ್ ಓಡಮ್," ಎಂದ ಅವನು, ಹೆಸರು ಯಾರಿಗೂ ಗೊತ್ತಿಲ್ಲವೇನೋ ಎಂಬಂತೆ. "ಅಗ್ನಿಶಾಮಕ ದಳ. ಓಟು ಅಂಚೇಲಿ ಹಾಕಬಹುದಿತ್ತು. ಮುಖ ತೋರಿಸ್ದೆ ಹಾಕೋಕೆ ಮನಸ್ಸು ಬರ್ಲಿಲ್ಲ." ಉಸಿರೆಳೆದುಕೊಂಡ. "ನಾನು ಕಡಿತಕ್ಕೆ ಒಪ್ತೀನಿ. ಸಂತೋಷದಿಂದ ಅಲ್ಲ. ಆ ಹುಡುಗ ಹೇಳಿದ್ದು ಸುಳ್ಳಲ್ಲ. ನಮಗೆ ಮಾತು ಕೊಟ್ಟೋರು ಯಾರೂ ಈ ಕೋಣೇಲಿಲ್ಲ. ಇರೋದು ನಾವು ನಾವೇ. ಅಷ್ಟೆ."

ಅಷ್ಟು ಹೇಳಿ ಕೂರಲು ಜಾಗ ಹುಡುಕುತ್ತ ಕತ್ತು ತಿರುಗಿಸಿದ. ಕಾಫಿ ಪಾತ್ರೆಯ ಪಕ್ಕ, ಈ ಹೊತ್ತಿಗೆ ಪಾಳಿಯಲ್ಲಿರಬೇಕಿದ್ದ ಆರ್ಡಿಸ್ ಕಂಡಳು.

ಮತ ಚೀಟಿ ಹಾಕಿ ಅವಳು ಹೊರಗೆ ಬಂದಳು. ಚರ್ಚಿನ ವಾಹನ ನಿಲ್ದಾಣದಲ್ಲಿ ಸರೋವರದ ಗಾಳಿ ಕೊಯ್ಯುತ್ತಿತ್ತು. ಕ್ಲೆಮ್ ಹಿಂದೆಯೇ ಬಂದ. ಅವನು ಕೈಯೂರಿ ನಿಂತ ಕಾರು ನ್ಯೂ ಮೆಕ್ಸಿಕೋದ್ದಲ್ಲ, ಒಹಾಯೊ ರಾಜ್ಯದ ನಂಬರಿನದು.

"ಯಾರ ಕಾರು?" ಎಂದಳು.

"ಮಗಳದು."

"ಟೊಲೀಡೊದಲ್ಲಿರೋ ನಿನ್ನ ಮಗಳು?"

"ಹ್ಞೂಂ. ಅಲ್ಲೇ ಇದೀನಿ. ಅವಳ ಮನೆ ನೆಲಮಾಳಿಗೇಲಿ."

"ಯಾವಾಗಿಂದ?"

ಕ್ಲೆಮ್ ಬೂಟಿನ ತುದಿಯಿಂದ ಜಲ್ಲಿಕಲ್ಲು ಸರಿಸಿದ. "ವಿಮೆ ನಿಂತ್ಮೇಲೆ ಔಷಧಿಗೇ ಎಲ್ಲಾ ಹೋಗ್ತಿತ್ತು. ಆ ಚಳಿಗಾಲದಲ್ಲೇ ಮನೆ ಮಾರಿದೆ."

ಅವಳಿಗೆ ಲೆಕ್ಕ ಹಾಕಲು ತುಸು ಹೊತ್ತು ಬೇಕಾಯಿತು. "ಹಾಗಾದ್ರೆ ಮೊನ್ನೆ ಹೇಳಿದ್ಯಲ್ಲ? ಏಪ್ರಿಕಾಟ್ ಹೂ ಬಿಟ್ಟಿದೆ ಅಂತ?"

"ಈ ಹೊತ್ತಿಗೆ ಬಿಟ್ಟಿರುತ್ತೆ," ಎಂದ ಕ್ಲೆಮ್. "ಪ್ರತಿ ವರ್ಷ ಬಿಡ್ತಿತ್ತು."

ಆರ್ಡಿಸ್‌ಗೆ ಅವನ ಕೆನ್ನೆಗೆ ಬಾರಿಸಬೇಕೆನಿಸಿತು. ಆದರೆ ಆ ಕೆನ್ನೆಯಲ್ಲಿ ಬಾರಿಸುವಷ್ಟು ಮಾಂಸವೇ ಇರಲಿಲ್ಲ. "ಚಳಿಗಾಲದ ಕೋಟನ್ನ ದಾನ ಕೊಟ್ಬಿಟ್ಟೆ ಕಣೋ ಮೂರ್ಖ!" ಎಂದು ಕಿರುಚಿದಳು. "ನಿನ್ನ ಒಣಗಾಳಿ ಊರಿಗೆ ಬರೋಳಿಗೆ ಇನ್ನು ಅದ್ಯಾಕೆ ಬೇಕು ಅಂತ! ನೋಡು, ಈ ತೆಳು ಜಾಕೆಟ್ಟಲ್ಲಿ ನಡುಗ್ತಾ ನಿಂತಿದೀನಿ!"

ಕ್ಲೆಮ್ ತನ್ನ ಕೋಟು ಬಿಚ್ಚಲು ಹೋದ. "ಮುಟ್ಟಬೇಡ ನನ್ನ" ಎಂದಳು. ಅವನು ಒಂದು ತೋಳು ಒಳಗೆ, ಒಂದು ಹೊರಗೆ, ಹಾಗೆಯೇ ನಿಂತ.

"ನಿಮ್ಮಮ್ಮ ಹಾಸಿಗೇಲಿದ್ರು. ನೀನು ಹಗಲೆಲ್ಲ ಸೇತುವೆ ಮೇಲೆ, ರಾತ್ರಿಯೆಲ್ಲ ಅವರ ಪಕ್ಕ. ವಾರಕ್ಕೊಂದ್ಸಲ ಫೋನಲ್ಲಿ, 'ಬೆಟ್ಟ ಹೇಗಿದೆ, ಕತ್ತೆ ಹೇಗಿದೆ' ಅಂತಿದ್ದೆ. ಆ ದನಿ..." ಕೆಮ್ಮು ಬಂತು, ಕಾದ. "ಮನೆ ಮಾರ್ಬಹುದಿತ್ತು, ಮಾರಿದೆ. ನಿನ್ನ ಆ ದನೀನೂ ಮಾರೋಕಾಗ್ಲಿಲ್ಲ ಆರ್ಡಿಸ್."

"ಬರೋಕೇನಾಗಿತ್ತು ನಿಂಗೆ? ನಾಲ್ಕು ಗಂಟೆ ದಾರಿ!"

"ಬರ್ತಿದ್ದೆ."

"ಏನು?"

"ಮಗಳು ಕಾರು ಕೊಟ್ಟಾಗ. ನಿನ್ನ ಪಾಳಿ ಯಾವಾಗ ಅಂತ ಫೋನಲ್ಲಿ ಹೇಳ್ತಿದ್ಯಲ್ಲ. ಸೇತುವೆ ದಾಟ್ಕೊಂಡು ಆ ಕಡೆ ಹೋಗ್ತಿದ್ದೆ, ಮತ್ತೆ ದಾಟ್ಕೊಂಡು ಈ ಕಡೆ ಬರ್ತಿದ್ದೆ. ಮೇಲೆ ನೀನು ಕಾಣ್ತಿದ್ದೆ. ಒಂದ್ಸಲ ದೋಣಿ ಬಂತು, ನೀನು ಗೇಟು ಹಾಕ್ಬಿಟ್ಟೆ. ನಾನು ಮುಂದಿನ ಸಾಲಲ್ಲೇ ಇದ್ದೆ. ಇನ್ನೂ ನಾಲ್ಕು ದೋಣಿ ಬರ್ಲಿ ಅಂತಿದ್ದೆ ಮನಸ್ಸಲ್ಲಿ."

ಒಳಗೆ ಮತ ಎಣಿಸಿ ಮುಗಿದಿರಬೇಕು. ಜನ ಮೆಟ್ಟಿಲು ಹತ್ತಿ ಬರುತ್ತಿದ್ದರು. ಯಾರೂ ಗೆದ್ದವರಂತೆ ಕಾಣಲಿಲ್ಲ. ಕಡಿತಕ್ಕೆ ಒಪ್ಪಿಗೆ ಸಿಕ್ಕಿದೆ ಎಂದು ರೆನ್ನಿ ದೂರದಿಂದಲೇ ತಲೆಯಾಡಿಸಿ ತಿಳಿಸಿದ. ಆರ್ಡಿಸ್ ತನ್ನ ಕಾರು ಹತ್ತಿ ಮನೆಗೆ ಹೋದಳು.

ಎರಡು ಭಾನುವಾರ ಅವಳು ಫೋನ್ ಎತ್ತಲಿಲ್ಲ. ಮೂರನೆಯ ಭಾನುವಾರ ಅದು ರಿಂಗಾಗಲಿಲ್ಲ. ಕುರ್ಚಿಯಲ್ಲಿ ಕೂತು ಮಧ್ಯಾಹ್ನವೆಲ್ಲ ಕಾದಳು. ಬೈಯಲು ಮಾತುಗಳನ್ನು ಜೋಡಿಸಿಟ್ಟುಕೊಂಡಿದ್ದಳು. ಹೊತ್ತು ಹೋದಂತೆ ಅವು ಒಂದೊಂದಾಗಿ ಕೈಜಾರಿ, ಕಡೆಗೆ ಉಳಿದದ್ದು ಗುಡ್ಡದ ಮೇಲೆ ನಿಂತು ತನಗಾಗಿ ಕಾಯುತ್ತಿದ್ದ ಆ ಮನುಷ್ಯ ಮಾತ್ರ. ಈ ಊರಲ್ಲೇ, ತನ್ನ ಸೇತುವೆಯ ಗೇಟಿನ ಮುಂದೆಯೇ ಅವನು ಹಾಗೆ ಕಾದು ನಿಂತಿದ್ದನೆಂದು ಅವಳಿಗೆ ನಂಬಲಾಗುತ್ತಿರಲಿಲ್ಲ.

ಸೋಮವಾರ ನಗರಸಭೆಗೆ ಹೋಗಿ ರಾಜೀನಾಮೆ ಹಿಂದಕ್ಕೆ ಪಡೆದಳು. ಕಡಿತದ ಪಿಂಚಣಿಯಲ್ಲಿ ಈಗಲೇ ಮನೆಯಲ್ಲಿ ಕೂತರೆ ಇಬ್ಬರ ಹೊಟ್ಟೆ ತುಂಬುವುದಿಲ್ಲ. ಗುಮಾಸ್ತೆ ಏನೂ ಕೇಳದೆ ಮೊಹರು ಒತ್ತಿದಳು. ಆ ವಾರ ಅಂಥವರು ಬಹಳ ಮಂದಿ ಬಂದಿದ್ದರು. ಅಲ್ಲಿಂದಲೇ ಟೊಲೀಡೊಗೆ ಹೊರಟಳು. ಕ್ಲೆಮ್‌ನ ಮಂಚ ಬಟ್ಟೆ ಒಗೆಯುವ ಯಂತ್ರದ ಪಕ್ಕದಲ್ಲಿತ್ತು. ಗೋಡೆಯ ಬುಡದಲ್ಲಿ ತೇವದ ಕಪ್ಪು ಬೂಷ್ಟು.

"ಗಂಟು ಕಟ್ಟು," ಎಂದಳು.

"ನಿನ್ನ ಮನೆ ನದಿ ಪಕ್ಕ ಕಣೆ. ತೇವ. ನನ್ನ ಹೂಳೋಕೆ ಕರ್ಕೊಂಡು ಹೋಗ್ತೀಯಾ?"

"ಮಹಡಿ ಮೇಲೆ ಅಮ್ಮನ ಕೋಣೆ ಇದೆ. ದಕ್ಷಿಣದ ಕಿಟಕಿ. ಇದಕ್ಕಿಂತ ಸಾವಿರ ಪಾಲು ವಾಸಿ. ಬರ್ತೀಯೋ, ನಿನ್ನ ಕತ್ತೇನ ಕೇಳ್ಕೊಂಡು ಬರ್ಬೇಕೋ?"

ಕ್ಲೆಮ್ ನಗಲು ಹೋಗಿ ಕೆಮ್ಮಿದ. ಕೆಮ್ಮು ನಿಂತ ಮೇಲೂ ಕಣ್ಣೊರೆಸಿಕೊಳ್ಳುತ್ತಲೇ ಇದ್ದ.

ಜೂನ್ ಕೊನೆಯ ಶನಿವಾರ, ಅವಳು ಕೆಲಸ ಬಿಡಬೇಕಿದ್ದ ವಾರ, ಇಬ್ಬರೂ ಸೇರಿ ಅಮ್ಮನ ಕೋಣೆಯ ರತ್ನಗಂಬಳಿ ಕಿತ್ತರು. ಅದರಲ್ಲಿ ಎಷ್ಟೋ ವರ್ಷಗಳ ಧೂಳು, ಔಷಧಿಯ ವಾಸನೆ. ಕ್ಲೆಮ್‌ನ ಉಸಿರಿಗೆ ಅದು ವಿಷ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಅವನು ಮೂಲೆಯ ಮೊಳೆಗಳನ್ನು ಮೀಟಿದ, ಅವಳು ಸುರುಳಿ ಸುತ್ತಿದಳು. ಸುರುಳಿಯನ್ನು ಮೆಟ್ಟಿಲ ಮೇಲಿಂದ ದೂಡಿದಾಗ ಅದು ದಬದಬನೆ ಉರುಳಿ ಕೆಳಗಿನ ಬಾಗಿಲಿಗೆ ಬಡಿಯಿತು. ಇಬ್ಬರೂ ಮಕ್ಕಳಂತೆ ಬಗ್ಗಿ ನೋಡಿದರು.

ಕೋಣೆ ಖಾಲಿಯಾಯಿತು. ಕೆಳಗಿದ್ದದ್ದು ಬರಿಯ ಪೈನ್ ಹಲಗೆಯ ನೆಲ, ಬಣ್ಣ ಕಾಣದ್ದು. ಆರ್ಡಿಸ್ ಅದನ್ನು ಎರಡು ಸಲ ಒರೆಸಿದಳು. ಕಿಟಕಿಯಿಂದ ಬಂದ ಬಿಸಿಲು ಗೋಡೆಯಿಂದ ಗೋಡೆಯವರೆಗೆ ಹಾಸಿಕೊಂಡಿತ್ತು. ನೆಲದ ಒದ್ದೆ, ಆ ಬೆಟ್ಟದೂರಿನ ಬಟ್ಟೆಗಳಂತೆ, ಅವರ ಕಣ್ಣೆದುರೇ ಆರುತ್ತ ಅಂಚಿನಿಂದ ಅಂಚಿಗೆ ಹಿಂದೆ ಸರಿಯಿತು.

ಕ್ಲೆಮ್ ಗೋಡೆಗೊರಗಿ ಕಾಲು ಚಾಚಿ ಕೂತಿದ್ದ. ಆರ್ಡಿಸ್ ಬೂಟು ಕಳಚಿದಳು, ಕಾಲುಚೀಲ ಕಳಚಿದಳು, ನೆಲದ ನಡುವಿಗೆ ಹೋಗಿ ನಿಂತಳು. ಹಲಗೆ ಬಿಸಿಲಿಗೆ ಕಾದಿತ್ತು. ಅವಳು ಕಣ್ಣು ಮುಚ್ಚಿ, ಬರಿಗಾಲಲ್ಲಿ, ಅಲ್ಲಾಡದೆ ನಿಂತೇ ಇದ್ದಳು.