ಕಾಣದ್ದನ್ನು ಬರೆಯದ ಪ್ರೊಫೆಸರ್ ತಾಂಗ್

ಪ್ರೊಫೆಸರ್ ತಾಂಗ್ ಅವರ ನಡಿಗೆಯೇ ಒಂದು ಸೋಜಿಗ. ಆಯುಷ್ಯದ ಬಹುಭಾಗ ಅಳಿವೆಯ ಕೆಸರಿನಲ್ಲಿ ಏಡಿಗಳ ಹಿಂದೆ ಅಲೆದದ್ದರ ಫಲವೋ ಏನೋ, ತೈನಾನ್ ನಗರದ ವಿಶ್ವವಿದ್ಯಾಲಯದ ನುಣುಪು ನೆಲದ ಮೇಲೂ ಅವರು ಒಂದೊಂದು ಪಾದವನ್ನು ಕಿತ್ತು ಕಿತ್ತು ಇಡುತ್ತಿದ್ದರು. ಮೀನು ಹಿಡಿಯುವವರು ತೊಡುವ, ಮೈತುಂಬ ಜೇಬುಗಳ, ಬಣ್ಣಗೆಟ್ಟ ತೋಳಿಲ್ಲದ ಅಂಗಿಯೊಂದು ಚಳಿಗಾಲ ಬೇಸಿಗೆಯೆನ್ನದೆ ಅವರ ಮೈಮೇಲಿರುತ್ತಿತ್ತು. ಅದನ್ನು ತೊಟ್ಟೇ ಕುಲಪತಿಗಳ ಔತಣಕ್ಕೆ ಹೋದಾಗ, ಮೀನು ತಂದವರೆಂದು ತಿಳಿದು ಕಾವಲಿನವನು ಹಿಂಬಾಗಿಲಿಗೆ ಕಳುಹಿಸಿದನಂತೆ. ಇವರು ಅಡುಗೆಯವರ ಜೊತೆಯಲ್ಲೇ ಕೂತು ಉಂಡು ಬಂದರೆಂದು ವಿಭಾಗದಲ್ಲಿ ಪ್ರತೀತಿ. ನಿಜವೇ ಎಂದು ಕೇಳುವ ಧೈರ್ಯ ಯಾರಿಗಿತ್ತು? ಯಾರು ಏನು ಹೇಳಿದರೂ ಅವರದು ಒಂದೇ ಮಾತು, "ನೀನು ಕಂಡಿದ್ಯಾ?" ಪುಸ್ತಕದಲ್ಲಿದೆ ಎಂದರೆ, ಬರೆದವನು ಕಂಡಿದ್ದನೇ ಎಂದು ಕೇಳುವ ಆಸಾಮಿ.

ಇಂಥವರ ಬಳಿ ಶಿಫಾರಸು ಪತ್ರ ಕೇಳಬೇಕಾಗಿ ಬಂದದ್ದು ಪೇಷಾನ್ ಎಂಬ ಹುಡುಗಿಯ ಗ್ರಹಚಾರ. ಜಪಾನಿನ ಹೊಕ್ಕೈಡೋದಲ್ಲಿ ಸಮುದ್ರಜೀವಿಗಳ ಸಂಶೋಧನೆಗೆ, ವಿದ್ಯಾರ್ಥಿವೇತನ ಸಮೇತ, ಒಂದೇ ಒಂದು ಸ್ಥಾನವಿತ್ತು. ಅದು ತಪ್ಪಿದರೆ ಏಡಿಗಳಿಗೆ ಕೈಮುಗಿದು ಚಿಕ್ಕಪ್ಪನ ಚಹಾ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕೂರುವುದೆಂದು ಮನೆಯಲ್ಲಿ ತೀರ್ಮಾನವಾಗಿಬಿಟ್ಟಿತ್ತು. ಪತ್ರ ಎರಡು ಬೇಕು. ಬೇರೊಬ್ಬ ಪ್ರಾಧ್ಯಾಪಕರಿಂದ ಮೊದಲನೆಯದು ಸಲೀಸಾಗಿ ಸಿಕ್ಕಿತು, ಏಕೆಂದರೆ ಅಲ್ಲಿಯ ವಾಡಿಕೆಯೇ ಹಾಗೆ: ಹೊಗಳಿಕೆಯನ್ನು ವಿದ್ಯಾರ್ಥಿಯೇ ಬರೆದು ತರಬೇಕು, ದೊಡ್ಡವರು ಕಣ್ಣಾಡಿಸಿ ಮೊಹರು ಒತ್ತುತ್ತಾರೆ. ಆದರೆ ವಿನಯವನ್ನೇ ಉಂಡು ಬೆಳೆದ ಮಕ್ಕಳಿಗೆ ತಮ್ಮನ್ನು ತಾವು ಹೊಗಳಿಕೊಳ್ಳುವುದೆಂದರೆ ಪ್ರಾಣಸಂಕಟ. ಹಾಗಾಗಿ ಹಿಂದಿನ ವರ್ಷದವರ ಕರಡಿನಲ್ಲಿ ಹೆಸರೊಂದನ್ನು ಬದಲಿಸಿಕೊಳ್ಳುವುದು. ಪೇಷಾನಳಿಗೆ ಒಂದು ವರ್ಷ ಮುಂದಿದ್ದ ಯೀವೆನ್ ಅಕ್ಕ ಕೊಟ್ಟ ಕರಡು ಆ ಅಕ್ಕನಿಗೆ ಅವಳ ಹಿಂದಿನ ಅಕ್ಕನಿಂದ ಬಂದದ್ದು; 'ದಶಕಕ್ಕೊಮ್ಮೆ ಕಾಣುವ ಅಪೂರ್ವ ಪ್ರತಿಭೆ' ಆ ವಿಭಾಗದಲ್ಲಿ ವರ್ಷ ವರ್ಷವೂ ತಪ್ಪದೆ ಹುಟ್ಟುತ್ತಿತ್ತು.

ಆ ಕರಡನ್ನೂ ಅನಾನಸ್ ಕೇಕಿನ ಪೆಟ್ಟಿಗೆಯೊಂದನ್ನೂ ಹಿಡಿದು ಅವಳು ತಾಂಗ್ ಅವರ ಕೋಣೆಯ ಮುಂದೆ ಬಹಳ ಹೊತ್ತು ನಿಂತಿದ್ದಳು. ಕೊನೆಗೆ ಅವರೇ ಯಾವುದಕ್ಕೋ ಬಾಗಿಲು ತೆರೆದು ಒಳಗೆ ಕರೆದರು. ಕೇಕನ್ನು ಮರುಮಾತಿಲ್ಲದೆ ಬಾಯಿಗಿಟ್ಟುಕೊಂಡು, ಕೆಂಪು ಪೆನ್ಸಿಲ್ ತೆಗೆದು ಓದತೊಡಗಿದರು. ನಾಯಕತ್ವ: ನಾನು ಕಂಡಿಲ್ಲವೆಂದು ಒಂದು ಗೀಟು. ವಾಕ್ಚಾತುರ್ಯ ಎಂಬಲ್ಲಿಗೆ ಬಂದಾಗ ಅವಳ ಮುಖವನ್ನೊಮ್ಮೆ ನೋಡಿ, ಇನ್ನೊಂದು ಗೀಟು. ಹಾಳೆ ಮುಗಿಯುವಷ್ಟರಲ್ಲಿ ಉಳಿದದ್ದು ಅವಳ ಹೆಸರು ಮಾತ್ರ.

"ಈ ಹುಡುಗಿ ಯಾರಮ್ಮ? ನಂಗೆ ಪರಿಚಯ ಇಲ್ಲ. ನಂಗೊತ್ತಿರೋಳು ಬೇರೆ."

ತಮಗೆ ಗೊತ್ತಿದ್ದವಳ ಕಥೆಯನ್ನು ಅವರೇ ಹೇಳಿದರು. ಅಳಿವೆಗೆ ಹೋದಾಗ ಉಳಿದವರೆಲ್ಲ ಬಿಲಗಳನ್ನು ಅಗೆದಗೆದು ಏಡಿಗಳನ್ನು ಹೊರಗೆಳೆಯುತ್ತಿದ್ದರೆ, ಒಬ್ಬಳು ಮಾತ್ರ ಕೆಸರಿನಲ್ಲಿ ಬೋರಲು ಮಲಗಿ, ಬೆನ್ನು ಸುಡುತ್ತಿದ್ದರೂ ಅಲುಗಾಡದೆ, ಏಡಿ ತಾನಾಗಿ ಹೊರಬರುವ ತನಕ ಕಾದಿದ್ದಳಂತೆ. ಅದನ್ನು ಯಾರಾದರೂ ಗಮನಿಸಿದ್ದರೆಂದು ಪೇಷಾನಳಿಗೆ ಈವರೆಗೆ ಗೊತ್ತಿರಲಿಲ್ಲ. ಅವಳ ಕಣ್ಣು ತುಂಬಿತು.

"ಅದನ್ನ ಬರೀತೀನಿ. ಇನ್ನೊಂದೂ ಬರೀತೀನಿ," ಎಂದರು ತಾಂಗ್. "ನಾಲ್ಕು ವರ್ಷದಲ್ಲಿ ನೀನು ನನ್ನನ್ನ ಒಂದು ಪ್ರಶ್ನೆನೂ ಕೇಳಿಲ್ಲ. ಏಡಿ ಏನೋ ತಾನಾಗಿ ಹೊರಗೆ ಬರತ್ತೆ. ಮೇಷ್ಟ್ರುಗಳು ಬರಲ್ಲ."

ಸಂಶೋಧನೆಗೆ ಹೋಗುವವಳು ಪ್ರಶ್ನೆಯನ್ನೇ ಕೇಳುವುದಿಲ್ಲ ಎಂದು ಬರೆದುಕೊಟ್ಟರೆ ಮುಗಿಯಿತಲ್ಲ! ಆದರೂ, ಗುರುಗಳು ಹೇಳಿದ ಮೇಲೆ ಎದುರಾಡುವುದುಂಟೆ? ಅವಳು ನಡು ಬಗ್ಗಿಸಿ ವಂದಿಸಿದಳು, ಉಪಕಾರವಾಯಿತು ಎಂದಳು, ಬಾಗಿಲ ಹಿಡಿಕೆಗೆ ಕೈ ಹಾಕಿದಳು. ಹಾಕಿದವಳು ಹಾಗೇ ನಿಂತುಬಿಟ್ಟಳು. ಚಹಾ ಅಂಗಡಿ ಕಣ್ಣ ಮುಂದೆ ಬಂದಿರಬೇಕು; ತಿರುಗಿದಳು.

"ಆ ಮಾತು ಬರೀಲೇಬೇಕಾ, ಮೇಷ್ಟ್ರೇ? ಅದರಿಂದ್ಲೇ ನಂಗೆ ಸೀಟು ತಪ್ಪಿದ್ರೆ?"

ತಾಂಗ್ ಪೆನ್ಸಿಲ್ ಕೆಳಗಿಟ್ಟರು. ಎದುರಿಗಿದ್ದ ಕುರ್ಚಿಯ ಮೇಲಿನ ಕಾಗದಗಳನ್ನು ನೆಲಕ್ಕೆ ಸರಿಸಿದರು.

"ಬಾ, ಕೂತ್ಕೋ. ಇನ್ನು ಅದನ್ನ ಬರೆದ್ರೆ ಸುಳ್ಳಾಗತ್ತೆ."

ಪತ್ರ ಹೋಯಿತು, ಸ್ಥಾನವೂ ಸಿಕ್ಕಿತು. ಹೊರಡುವ ಮುನ್ನ ಮಾತಾಡಿಸಿ ಬರೋಣವೆಂದು ಹೋದರೆ ತಾಂಗ್ ಕೋಣೆಯಲ್ಲಿರಲಿಲ್ಲ, ಅಳಿವೆಗೆ ಹೋಗಿದ್ದರು. ಲೋಕದಲ್ಲಿ ನಮ್ಮನ್ನು ಹೊಗಳಿ ಮೊಹರು ಒತ್ತುವವರಿಗೆ ಬರವಿಲ್ಲ. ಅವರ ಬಾಗಿಲು ಸದಾ ತೆರೆದಿರುತ್ತದೆ, ನಾವೂ ಅಲ್ಲಿಗೇ ನುಗ್ಗುತ್ತೇವೆ. ತಾಂಗ್ ಅವರಂಥವರನ್ನು ಕಂಡರೆ ಹೆದರುತ್ತೇವೆ, ಹಿಂದಿನಿಂದ ಆಡಿಕೊಳ್ಳುತ್ತೇವೆ, ಎದುರಿಗೆ ಬಂದರೆ ದಾರಿ ಬದಲಿಸಿ ನಡೆಯುತ್ತೇವೆ. ನಮ್ಮನ್ನು ಕಣ್ಣಿಟ್ಟು ನೋಡಿದವರು ಅವರೊಬ್ಬರೇ ಎಂದು ಅರಿವಾಗುವ ಹೊತ್ತಿಗೆ ಅವರ ಊರು ಬಿಟ್ಟು ಎಷ್ಟೋ ದೂರ ಬಂದಿರುತ್ತೇವೆ.