ಹವಾಲ್ದಾರ್ ಮೂಕಯ್ಯನ ಸೆಲ್ಯೂಟ್

ಬೆಳಗಿನಿಂದ ಕಾಮಾಕ್ಷಿಯಮ್ಮಾಳ್ ಒಂದು ಕಡೆ ಕೂತವಳಲ್ಲ. ಬಾಗಿಲಿಗೆ ಹೋಗಿ ದ್ರಾಕ್ಷಿ ಚಪ್ಪರದಾಚೆಯ ಕಂಬಂ ರಸ್ತೆ ನೋಡುವುದು, ಒಳಗೆ ಬಂದು ಗಂಡನ ಕಾಲರ್ ಸರಿಮಾಡುವುದು, ಮತ್ತೆ ಬಾಗಿಲು. ಸೈನ್ಯದ ಡಾಕ್ಟರ್ ಇವತ್ತು ಮನೆಗೇ ಬರುವವರಿದ್ದರು. ಗಡಿಯಲ್ಲಿ ಬೆನ್ನಿಗಾದ ಗಾಯ ಮುಪ್ಪಿನಲ್ಲಿ ಹವಾಲ್ದಾರ್ ಮೂಕಯ್ಯನ ಕಾಲುಗಳ ಬಲವನ್ನೇ ಕಿತ್ತುಕೊಂಡಿತ್ತು. ಅವನಿಗೆ ಹಗಲಿರುಳು ಆಳು ಬೇಕೆಂದು ಡಾಕ್ಟರ್ ಒಪ್ಪಿದರೆ ಪಿಂಚಣಿಯ ಜೊತೆಗೆ ಸಹಾಯಕರ ಭತ್ಯೆಯೂ ಬರುತ್ತದೆ. ಇಲ್ಲದಿದ್ದರೆ ಅವನನ್ನು ನೋಡಿಕೊಳ್ಳುವ ನೆಂಟರ ಹುಡುಗಿ ಯುವಶ್ರೀ ಸಂಬಳಕ್ಕಾಗಿ ವೇದಸಂದೂರಿನ ನೂಲಿನ ಮಿಲ್ಲಿಗೆ ಹೊರಟುಬಿಡುತ್ತಾಳೆ. ಆಮೇಲೆ ಆ ಆಜಾನುಬಾಹುವನ್ನು ಎತ್ತಿ ಮಲಗಿಸುವವರು ಯಾರು? ಕಾಮಾಕ್ಷಿಯ ಸೊಂಟ ಎಂದೋ ಕೈಕೊಟ್ಟಿತ್ತು.

ಹಾಗಿದ್ದೂ ಈ ಹೆಂಗಸು ಮಾಡಿದ್ದೇನು? ಗಂಡನಿಗೆ ಎಣ್ಣೆ ಸ್ನಾನ, ನುಣ್ಣನೆಯ ಕ್ಷೌರ, ಇಸ್ತ್ರಿ ಮಾಡಿದ ಬಿಳಿ ಶರ್ಟು, ಹೆಗಲಿಗೆ ಹೊಸ ವಲ್ಲಿ. ಮಂಚದಿಂದ ಇಳಿಸಿ, ಕುರ್ಚಿಯಲ್ಲಿ ಮದುವೆ ಮನೆಯ ಬೀಗರಂತೆ ಕೂರಿಸಿದ್ದಳು.

"ಅತ್ತೆ, ಹಿಂಗ ಸಿಂಗಾರ ಮಾಡುದ್ರ ಡಾಕ್ಟರ್ ನಂಬ್ತಾರಾ? ಮಲಗ್ಸಾನ," ಎಂದಳು ಯುವಶ್ರೀ.

"ಮನೀಗ ಬಂದೋರ ಮುಂದ ಗಂಡ್ಸು ಬಿದ್ದಿರದಾ? ನಮ್ಮ ಜನದಾಗ ಅಂತ ಪಳಕ್ಕ ಇಲ್ಲ."

ಜೀಪು ನಿಂತಿತು. ಸಮವಸ್ತ್ರದ ಡಾಕ್ಟರ್ ಹೊಸ್ತಿಲು ದಾಟಿದ್ದೇ ತಡ, ವರ್ಷಗಳಿಂದ ನೆಲಕ್ಕೆ ಕಾಲೂರದ ಮೂಕಯ್ಯ ಕುರ್ಚಿಯ ಕೈ ಹಿಡಿದು ಎದ್ದು ನಿಂತ. ಬಲಗೈ ಹಣೆಗೆ ಹೋಯಿತು.

ಗಂಡ ಒಮ್ಮೆ ಎದ್ದು ನಿಂತರೆ ಸಾಕೆಂದು ಸುರುಳಿ ಬೆಟ್ಟದ ವೇಲಪ್ಪನಿಗೆ ಹರಸಿಕೊಂಡವಳು ಕಾಮಾಕ್ಷಿಯೇ. ಈಗ ಕಣ್ಣು ಬಿಗಿಯಾಗಿ ಮುಚ್ಚಿ, ಬೀಳಲಿ ಸಾಮಿ, ಬಿದ್ದುಬಿಡಲಿ ಎಂದು ಅದೇ ವೇಲಪ್ಪನನ್ನು ಬೇಡಿಕೊಂಡಳು.

ಡಾಕ್ಟರ್ ತಾವೂ ಸೆಲ್ಯೂಟ್ ಹೊಡೆದು, "ವಿಶ್ರಾಮ್, ಹವಾಲ್ದಾರ್" ಎಂದರು. ಆ ಮಾತಿಗೇ ಕಾದಿದ್ದವನಂತೆ ಮೂಕಯ್ಯ ಕುಸಿದ. ಯುವಶ್ರೀ ಕಂಕುಳಿಗೆ ಕೈಹಾಕಿ ಅವನ ಭಾರವನ್ನೆಲ್ಲ ತನ್ನ ಮೇಲೆ ಎಳೆದುಕೊಂಡಳು. ಬಿಳಿ ಪಂಚೆ ಒದ್ದೆಯಾಗಿತ್ತು. ಡಾಕ್ಟರೂ ಕೈಜೋಡಿಸಿ ಮಂಚಕ್ಕೆ ಸೇರಿಸಿದರು, ಕಾಲುಗಳನ್ನು ತಟ್ಟಿ, ಒತ್ತಿ ನೋಡಿದರು. ಈ ಹುಡುಗಿಯನ್ನು ಎಲ್ಲಿಗೂ ಕಳಿಸಬೇಡಿ, ಭತ್ಯೆಗೆ ನಾನು ಬರೆಯುತ್ತೇನೆ ಎಂದು ತಮಿಳಿನಲ್ಲಿ ಹೇಳಿ ಹೊರಟರು.

ಬೇಕಾದದ್ದು ಸಿಕ್ಕಿತು. ಆದರೂ ಕಾಮಾಕ್ಷಿಯ ಸಂಕಟ ಇಳಿಯಲಿಲ್ಲ. ಪಂಚೆ ಬದಲಿಸುವಾಗ ಗಂಡನ ಮುಖ ನೋಡಲು ಅವಳಿಗೆ ನಾಚಿಕೆಯಾಯಿತು. ಆ ಮುಖವೋ ಅರಳಿಕೊಂಡಿತ್ತು.

"ನಿಂತ್ಕಂಡೆ. ನೋಡ್ದ್ಯಾ, ಕಾಮಾಕ್ಷಿ?"

"ನೋಡ್ದೆ," ಎಂದಳು. "ಚಂದಾಗಿ ನಿಂತಿದ್ರಿ."