‘ಬೇ’ ಆದಮ್ಯಾಲಿನ ಅಕ್ಷರ

ನೀಲಿ, ಮತ್ತ ಅದೇ ನೀಲಿ, ಪರದೆ ತುಂಬ, ಅದರ ಮ್ಯಾಲೆ ಬಿಳೀ ಇಂಗ್ಲಿಷ್ ಅಕ್ಷರ ಸಾಲಹಿಡದು ನಿಂತಾವು, ಓದಾಕ ಬರತೈತಿ, ಏನ್ ಹೇಳ್ತಾವು ಅನ್ನೂದು ತಿಳೀವಲ್ತು, ಅಂಗಡಿ ರೋಹನ ಗುಂಡಿ ಒತ್ತಿ ಹಿಡದು ಆರಿಸ್ತಾನ, ಮತ್ತ ಹಚ್ಚತಾನ, ಕುಂದರ್ರಿ ಅಕ್ಕಾರ, ಸ್ವಲ್ಪ ಹೊತ್ತು ಹಿಡೀತೈತಿ, ಕುಂತೇನಿ, ಬೆಳಗಾವಿ ಅನಗೋಳದ ಈ ಇಕ್ಕಟ್ಟ ಅಂಗಡ್ಯಾಗ, ತೊಡಿ ಮ್ಯಾಲೆ ಖಾಲಿ ಚೀಲ, ಬೆಳಿಗ್ಗೆ ಖಾನಾಪುರದಿಂದ ಬರೂಮುಂದ ಇದ ಚೀಲದಾಗ ಲ್ಯಾಪ್‌ಟಾಪ್ ಇತ್ತು, ಚಾದರದಾಗ ಸುತ್ತಿದ್ದೆ, ಬಸ್ಸು ಕುಣ್ಯಾಗ ಇಳದಾಗೊಮ್ಮೆ ಎರಡೂ ಕೈಲೆ ಎತ್ತಿ ಹಿಡೀತಿದ್ದೆ, ಬಾಜೂಕ ಕುಂತಾಕಿ ಏನೈತ್ರೀ ಅದರಾಗ ಅಂದ್ಲು, ನಮ್ಮ ಮನಿಯವರ ಮಾತು ಅದಾವು ಅನ್ನಾಕ ಬಾಯಿ ತೆಗದೆ, ಕಂಪ್ಯೂಟರ್ ಅಂದೆ — ಖರೇನ ಅಂದ್ರ ಇವರು ಮಾತಾಡೂದು ಈಗ ಇದರಾಗನ, ಒಂದೊಂದ ಅಕ್ಷರ ಒತ್ತಿ, ಮೈದುನ ಸುಜಯ ತನ್ನ ಆಫೀಸಿನ್ಯಾಗ ಹಳೇವು ಮಾರೂಮುಂದ ಅಣ್ಣಗ ಅಂತ ತಂದುಕೊಟ್ಟದ್ದು, ಕನ್ನಡ ಟೈಪ್ ಮಾಡೂದನ್ನೂ ಅವನ ಹಾಕಿಸಿಕೊಟ್ಟ, ನಿನ್ನೆ ಬಂದಾವ, ಭಾಳ ನಿಧಾನ ಆಗೇತಿ ವೈನಿ, ಹೊಸಾ ವಿಂಡೋಸ್ ಹಾಕಿದ್ರ ಲಗೂ ನಡೀತೈತಿ ಅಂದು ಒಯ್ದು ಹಾಕಿಸಿಕೊಂಡು ಬಂದ, ಅಣ್ಣ ಒಂದ ಅಕ್ಷರಕ್ಕ ಕಾಯೂದು ಅವನ ಕಡಿಂದ ನೋಡಾಕ ಆಗತಿರ್ಲಿಲ್ಲ, ಪಾಪ, ಅವಗೇನ್ ಅನ್ನೂದು, ಸಂಜೀಮುಂದ ಬಂತು ಈ ನೀಲಿ.

ಮತ್ತ ಆರಿಸಿದ, ಹಚ್ಚಿದ, ಹೊಸಾ ವಿಂಡೋಸ್‌ಗೆ ಹಳೇ ಡ್ರೈವರ್ ಕೂಡವಲ್ತು ಅಕ್ಕಾರ ಅಂತಾನ, ಪರದೆ ನಡಸೂ ಸಣ್ಣ ಸಾಫ್ಟ್‌ವೇರಿಗೂ ಡ್ರೈವರ್ ಅಂತಾರಂತ, ನನಗ ಡ್ರೈವರ್ ಅಂದ್ರ ಖಾಕಿ ಅಂಗಿ, ಕೈಯಾಗ ಚಾದ ಗ್ಲಾಸು, ಕಲ್ಮೇಶ ಕಂಟ್ರೋಲರ್ ಎಲ್ಲಿ ಅಂತ ಕೇಳ್ಕೋತ ಬರೂ ಮಂದಿ, ಖಾನಾಪುರ ಬಸ್‌ಸ್ಟ್ಯಾಂಡಿನ್ಯಾಗ ಬಸ್ಸು ಕೂಗೂ ಕಂಟ್ರೋಲರ್ ಇವರ ಆಗಿದ್ರು, ಮುಖ ಗೊತ್ತಿಲ್ಲದವರಿಗೂ ದನಿ ಗೊತ್ತಿತ್ತು, ಮೈಕಿನ್ಯಾಗ ಮೊದಲ ಕನ್ನಡ, ಅದರ ಹಿಂದ ಮರಾಠಿ, ನಂದಗಡ ಮಾರ್ಗವಾಗಿ ಹಳಿಯಾಳಕ್ಕೆ ಹೋಗುವ ಬಸ್ಸು, ಸಂತಿ ದಿನ ನಾ ಕಾಯಿಪಲ್ಲೆ ಚೀಲ ಹಿಡಕೊಂಡು ನಿಂತಿರತಿದ್ದೆ, ಆ ದನಿ ಬಂದಕೂಡಲೇ ಗಂಟು ಗದಡಿ ಎತ್ಕೊಂಡು ಮಂದಿ ಎದ್ದು ನಡೀತಿತ್ತು, ನನಗ ಒಳಗೊಳಗ ನಗಿ, ಇದ ಮನಿಷ್ಯಾ ಮನ್ಯಾಗ ಟಾವೆಲ್ ಎಲ್ಲಿ ಐತಿ ಅಂತ ನನ್ನ ಕೇಳತಾನ ಅಂತ — ಮೊದಲ ನಾಲಿಗಿ ತೊದಲಿತು, ಕಂಟ್ರೋಲರ್ ಕುಡದಾನ ಅಂದ್ರು, ಕುಡದಿರಲಿಲ್ಲ, ಆಮ್ಯಾಲೆ ಬಲಗೈ, ಆಮ್ಯಾಲೆ ಕಾಲು, ಇಲ್ಲೇ ಬೆಳಗಾವ್ಯಾಗಿನ ಡಾಕ್ಟರು, ನರದ ರೋಗರೀ, ಮೈ ಒಂದೊಂದ ನಿಲ್ಲತೈತಿ, ಬುದ್ಧಿ ಮಾತ್ರ ಹಂಗ ಇರತೈತಿ ಅಂದ್ರು, ಸಮಾಧಾನಕ್ಕ ಅಂದ್ರೋ ಏನೋ, ನನಗ ಅದ ಭಾಳ ಕೆಟ್ಟ ಸುದ್ದಿ ಅನಿಸ್ತು, ಈಗ ಉಳದದ್ದು ಕಣ್ಣು, ಎಡಗೈದು ಒಂದು ಬೆರಳು, ಮಣಿಕಟ್ಟಿನ ಕೆಳಗ ನಾ ಅಂಗೈ ಕೊಟ್ಟು ಹಿಡೀತೇನಿ, ಯಾಕಡೆ ಎಳೀತಾರೋ ಆಕಡೆ ಒಯ್ತೇನಿ, ಎಳಿಯೂದಂದ್ರೂ ಏನ್ ಎಳಿಯೂದು, ತೂಕ ಒಂದೀಟು ಹೊಳ್ಳತೈತಿ ಅಷ್ಟ, ನನ್ನ ಅಂಗೈಗೆ ತಿಳೀತೈತಿ, ಹಂಗ ಮೊದಲನೇ ದಿನ ಬರದದ್ದು ಸಾರಿಗೆ ಉಪ್ಪು ಹೆಚ್ಚಾಗೇತಿ ಅಂತ, ನಾ ಅತ್ತಬಿಟ್ಟೆ, ಅತ್ತಿ ಅಡಗಿಮನಿಯಿಂದ ಓಡಿ ಬಂದ್ರು, ಏನಂದ ನನ್ನ ಮಗ, ಸಾರಿಗೆ ಉಪ್ಪು ಅಂದ್ರು ಅಂದೆ, ಇಬ್ಬರೂ ಕುಂತು ಅತ್ತಿವಿ.

ಸೇಫ್ ಮೋಡಿನ್ಯಾಗ ಬಂತು ನೋಡ್ರಿ, ರೋಹನ ಕುರ್ಚಿ ಮುಂದ ಎಳಕೊಂಡ, ನೀಲಿ ಹೋಗಿ ಕರೀ ಪರದೆ, ದಪ್ಪ ದಪ್ಪ ಅಕ್ಷರ, ಹಳೇ ಡ್ರೈವರ್ ತಗದು ಬ್ಯಾರೇದು ಹಾಕ್ತೇನಿ ಅಂತಾನ, ಹಾಕು ತಮ್ಮಾ, ಸಾವಕಾಶ ಹಾಕು, ನನಗ ಗಡಿಬಿಡಿ ಇಲ್ಲ, ಯಾಕ ಹಂಗಂದೆ ನಾನು, ಡಾಕ್ಟರಿಗೆ ಗಡಿಬಿಡಿ ಐತಿ, ಇವರ ಉಸಿರು ಈಗ ಮಲಕೊಂಡ್ರ ಸಾಲವಲ್ತು, ಗಂಟಲಿಗೆ ತೂತು ಮಾಡಿ ನಳಿಗಿ ಇಟ್ಟು ಮಷೀನಿಗೆ ಹಚ್ಚಬೇಕಾಗತೈತಿ, ಒಮ್ಮಿ ಹಚ್ಚಿದ್ರ ತಗಿಯೂದು ಆಗೂದಿಲ್ಲ, ಬ್ಯಾಡಂದ್ರ ಹಂಗ ಬಿಡೂದು, ಅವರನ್ನ ಕೇಳ್ರಿ ತಾಯಿ, ಅವರ ಹೇಳಬೇಕು ಅಂದ್ರು, ನಿನ್ನೆ ಸಂಜೀಮುಂದ ಕೇಳಿದೆ, ಇವರ ಬೆರಳು ಎದ್ದಿತು, ನನಗೆ, ಆ, ನಳಿಗೆ, ಪ್ರತಿ ಶಬ್ದಕ್ಕ ನಾ ಸೇವ್ ಒತ್ತಿದೆ, ಬ ಬಂತು, ಬೇ ಆತು, ಅಷ್ಟರಾಗ ನೀಲಿ — ಬೇಕು ಅಂದ್ರೂ ಬೇ, ಬೇಡ ಅಂದ್ರೂ ಬೇ, ಬರಿಯೂಮುಂದ ಇವರದು ಮೈಕಿನ ಕನ್ನಡ, ಬ್ಯಾಡ ಅಂತ ಬರಿಯೂದಿಲ್ಲ, ಅತ್ತಿ ಅಂದ್ರು, ಮಷೀನ್ ಕೆಟ್ಟರ ಕೆಡವಲ್ದ್ಯಾಕ, ಕಣ್ಣಿಲೆ ಕೇಳವಾ ಪ್ರಮಿಳಾ, ಹೌದಂದ್ರ ಒಮ್ಮಿ ರೆಪ್ಪಿ ಮುಚ್ಚತಾನ, ನೀರು ಬೇಕಾ ಅಂದ್ರ ಮುಚ್ಚೂದಿಲ್ಲೇನು, ಹೌದು, ಮುಚ್ಚತಾರ, ಕೇಳಬಹುದಿತ್ತು, ಬ್ಯಾಡ್ರೀ ಅತ್ತಿ, ಇಂಥಾ ಮಾತು ಅವರ ಬಾಯಿಲೆ ಬರಲಿ ಅಂದೆ, ಬಾಯಿ ಅಂದೆ, ಚಾದರ ತಂದು ಇದನ್ನ ಸುತ್ತಿದೆ, ಬೆಳಗಾದಕೂಡಲೇ ಬಸ್ ಹತ್ತಿದೆ, ರಿಪೇರಿಗೆ ಓಡಿಬಂದೆ ಅಂತ ತಿಳಕೊಂಡೇನಿ, ಆ ರೆಪ್ಪಿ ಮುಂದಿಂದ ಓಡಿಬಂದೇನಿ, ಆತ್ರೀ ಅಕ್ಕಾರ, ಏನಾರ ಟೈಪ್ ಮಾಡಿ ನೋಡ್ರಿ, ಕಡತ ತೆರದ, ನನಗೆ ಆ ನಳಿಗೆ, ಬೇ ಇಲ್ಲ, ಉಳದಿಲ್ಲ, ಅದನ್ನ ನೋಡಿದವರು ನಾನು, ಇವರು, ಇಬ್ಬರ, ಅರ್ಧಕ್ಕ ನಿಂತೈತಿ ಅಲ್ರೀ ಅಂದ ರೋಹನ, ನನ್ನ ಕೈ ತಾನ ಹೋತು, ಬೇಕು ಅಂತ ಒತ್ತಿತು, ಎಷ್ಟ ಸಸಾರ, ಪರದೆ ಮ್ಯಾಲೆ ಯಾರ ಬೆರಳು ಅಂತ ಕಾಣೂದಿಲ್ಲ, ಡಾಕ್ಟರಿಗೂ ಕಾಣೂದಿಲ್ಲ, ಅತ್ತಿಗೂ, ಅದನ್ನ ನೋಡ್ಕೋತ ಕುಂತೆ, ಅಳಿಸಿದೆ, ಚಲೋ ನಡೀತೈತಿ ತಮ್ಮಾ, ಸುತ್ತಿ ಕೊಡು.

ಹೊಳ್ಳಿ ಬರೂಮುಂದ ಖಾನಾಪುರ ಸ್ಟ್ಯಾಂಡಿನ್ಯಾಗ ಬ್ಯಾರೇ ಯಾರದೋ ದನಿ, ಗಡಿಬಿಡಿ ದನಿ, ಊರ ಹೆಸರ ನುಂಗತಾನ, ನಿಂತು ಕೇಳಲಿಲ್ಲ, ಮನಿ, ಅತ್ತಿ ಬಾಗಿಲದಾಗ, ಇವರನ್ನ ದಿಂಬಿಗೆ ಆನಿಸಿ ಕುಂದರಿಸ್ಯಾರ, ಗಡ್ಡ ಕೆರದಾರ, ರಿಪೇರಿ ಆತ್ರೀ ಅಂದೆ, ರೆಪ್ಪಿ ಒಮ್ಮಿ ಮುಚ್ಚಿತು, ಪಟಗ್ಗನ ಲ್ಯಾಪ್‌ಟಾಪ್ ತೆರದಿಟ್ಟೆ, ನನಗೆ ಆ ನಳಿಗೆ, ಮಣಿಕಟ್ಟಿನ ಕೆಳಗ ಅಂಗೈ ಕೊಟ್ಟೆ, ತಣ್ಣಗ ಐತಿ ಕೈ, ಬ, ಒಯ್ದೆ, ಬೇ, ಒಯ್ದೆ, ಉಸಿರು ಸಣ್ಣಗ ಸುಯ್ಯಂತ ಕೇಳಸತೈತಿ, ಕ ಬಲಗಡೆ ಐತಿ, ಡ ಎಡಗಡೆ ಮ್ಯಾಲಿನ ಸಾಲಿನ್ಯಾಗ, ಇಷ್ಟು ದಿನ ಹಿಡದು ಹಿಡದು ಎಲ್ಲಾ ಅಕ್ಷರದ ಜಾಗಾ ನನಗೂ ಬಾಯಿಪಾಠ, ನಾ ಒಂದೀಟು ಬಲಕ್ಕ ವಾಲಿದ್ರ ಸಾಕು, ಇವರಿಗೆ ತಡಿಯಾಕ ಶಕ್ತಿ ಇಲ್ಲ, ಅತ್ತಿ ಪರದೆಗೆ ಕಣ್ಣಿಟ್ಟು ನಿಂತಾರ, ಅಂಗೈಯಾಗ ತೂಕ ಹೊಳ್ಳಿತು, ಎಡಕ್ಕ, ನಾ ಒಯ್ಯಲಿಲ್ಲ, ಇವರು ನನ್ನ ಮುಖ ನೋಡಿದ್ರು, ಸಿಟ್ಟಿಲ್ಲ ಆ ಕಣ್ಣಾಗ, ತಡಾ ಆದ ಬಸ್ಸಿಗೆ ಕಾಯೂ ಮಂದಿನ್ನ ನೋಡತಿದ್ದ ಹಂಗ, ಬರತೈತಿ ತಡೀರಿ ಅನ್ನೂ ಹಂಗ, ಮತ್ತ ಹೊಳ್ಳಿತು ತೂಕ, ಎಡಕ್ಕ, ಒಯ್ದೆ, ನನ್ನ ಕೈಲೆ ನಾನ ಒಯ್ದೆ, ಬೆರಳು ಅಕ್ಷರದ ಮ್ಯಾಲೆ ನಿಂತೈತಿ, ಉಗುರು ನಾ ಹ್ವಾದ ವಾರ ಕತ್ತರಿಸಿದ್ದು, ಇನ್ನೂ ಒತ್ತಿಲ್ಲ, ಉಗುರು, ಅದರ ಕೆಳಗ ಡ, ಇನ್ನೂ ಒತ್ತಿಲ್ಲ, ನನ್ನ ಅಂಗೈ ಮ್ಯಾಲೆ ಇವರ ಕೈ, ಬೆರಳು, ಡ —